ಚಮಚ ನೆಟ್ಟಗೆ ನಿಲ್ಲದಿರುವ ಕುರಿತು ನಮ್ಮ ಮನೆಯ ಫ್ರಿಜ್ಜಿಗೆ

ಇವರಿಗೆ,
ಶ್ರೀಯುತ ಫ್ರಿಜ್ ಅವರು,
ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿ,
ಬಟ್ಟೆ ಬೀರುವಿನ ಎಡಮಗ್ಗುಲು.

ವಿಷಯ: ತಾವು ಮೂರು ವಾರಗಳಿಂದ ಕರ್ತವ್ಯಕ್ಕೆ ಹಾಜರಿದ್ದೂ ತಂಪಿಗೆ ಗೈರುಹಾಜರಾಗಿರುವ ಬಗ್ಗೆ.

ಮಂಗಳವಾರ

ಮಾನ್ಯರೇ,

ತಣ್ಣನೆಯ ಮನಸ್ಸಿನವರೂ ಬೆಳ್ಳನೆಯ ಮೈಯವರೂ ನಮ್ಮ ಮನೆಯ ಏಕಮಾತ್ರ ಧ್ರುವಪ್ರದೇಶವೂ ಆಗಿರುವ ತಮಗೆ ತಲೆಬಾಗಿ ಮಾಡುವ ನಮಸ್ಕಾರಗಳು. ತಮ್ಮ ಬಾಗಿಲು, ಬಾಗಿಲಂಚಿನ ರಬ್ಬರು, ಒಳಗಿನ ಪುಟ್ಟ ದೀಪ, ಮೊಟ್ಟೆ ಕೂರಿಸುವ ಆರು ಗುಂಡಿಗಳು ಇವೆಲ್ಲ ಕ್ಷೇಮವೆಂದು ನಂಬಿದ್ದೇನೆ. ಇತ್ತ ನಾವೂ ಕ್ಷೇಮ ಎಂದು ಬರೆಯಲು ಕೈ ತಾನಾಗಿ ಓಡುತ್ತಿದೆಯಾದರೂ, ಇವತ್ತು ಬೆಳಿಗ್ಗೆ ತಮ್ಮೊಳಗಿಂದ ಹೊರತೆಗೆದ ಬೆಣ್ಣೆಯು ತಟ್ಟೆಯಲ್ಲಿ ಕೂರಲು ಒಪ್ಪದೆ ನನ್ನ ಅಂಗಿಯ ತೋಳಿನೊಳಕ್ಕೆ ಇಳಿದು ಮೊಣಕೈವರೆಗೆ ಪ್ರವಾಸ ಮಾಡಿರುವುದರಿಂದ, ಆ ವಾಕ್ಯವನ್ನು ಸದ್ಯಕ್ಕೆ ತಡೆಹಿಡಿದಿದ್ದೇನೆ.

ಈ ಪತ್ರವನ್ನು ಲಕೋಟೆಯಲ್ಲಿಟ್ಟು ಗುಟ್ಟಾಗಿ ತಲುಪಿಸುವುದೇ ಸಭ್ಯತೆ ಎಂದು ನನಗೂ ಗೊತ್ತು. ಆದರೆ ಮೂರು ವಾರಗಳಿಂದ ನಾನು ತಮ್ಮೊಂದಿಗೆ ಖಾಸಗಿಯಾಗಿ ಆಡಿದ ಮಾತುಗಳು, ತಮ್ಮ ಬಾಗಿಲಿಗೆ ಕೊಟ್ಟ ಮೆದುವಾದ ತಟ್ಟುಗಳು, ಆಮೇಲೆ ಕೊಟ್ಟ ಅಷ್ಟೇನೂ ಮೆದುವಲ್ಲದ ತಟ್ಟುಗಳು, ಯಾವುದೂ ಫಲ ಕೊಡದೆ ಹೋದದ್ದರಿಂದ, ತಮ್ಮದೇ ಬಾಗಿಲಿನ ಮೇಲೆ ತಮ್ಮದೇ ನಿಂಬೆಹಣ್ಣಿನಾಕಾರದ ಆಯಸ್ಕಾಂತದಿಂದ ಇದನ್ನು ಅಂಟಿಸುತ್ತಿದ್ದೇನೆ. ಹಾಲಿಗೆ ಬಂದವರು, ನೀರಿಗೆ ಬಂದವರು, ಸುಮ್ಮನೆ ಬಾಗಿಲು ತೆರೆದು ಒಳಗೆ ನೋಡಿ ನಿಟ್ಟುಸಿರು ಬಿಟ್ಟು ಹೋಗುವವರು, ಎಲ್ಲರೂ ಓದಲಿ. "ಫ್ರಿಜ್ಜಿಗೆ ಕಾಗದ ಬರೆಯೋ ಬದಲು ರಿಪೇರಿಯವರಿಗೊಂದು ಫೋನ್ ಮಾಡಿ" ಎಂದು, ಬಸ್ಸು ಓಡಿಸುವ ಕೆಲಸದಲ್ಲಿರುವ ನನ್ನ ಹೆಂಡತಿ ಈಗಾಗಲೇ ಎರಡು ಸಲ ಹಾರ್ನ್ ಮಾಡಿದ್ದಾಳೆ. ಫೋನನ್ನೂ ಮಾಡಿದ್ದೇನೆ, ಅವರು ನಾಳೆ ಬೆಳಿಗ್ಗೆ ಬರುತ್ತಾರಂತೆ. ಆದರೂ ಮೂರನೆಯವರು ಬರುವ ಮೊದಲು ನಮ್ಮ ನಮ್ಮಲ್ಲೇ ಬಗೆಹರಿಸಿಕೊಳ್ಳುವುದು ಮರ್ಯಾದಸ್ಥರ ಲಕ್ಷಣವೆಂದು ನನ್ನ ನಂಬಿಕೆ.

ತಾವು ನನ್ನನ್ನು ಬಾಗಿಲು ತೆರೆದು ಏನು ಬೇಕಿತ್ತೆಂಬುದನ್ನು ಮರೆತು ನಿಲ್ಲುವ ಮನುಷ್ಯನೆಂದಷ್ಟೇ ಬಲ್ಲಿರಿ. ಹೊರಗೆ ನಾನು ವಿಜ್ಞಾನ ಶಿಕ್ಷಕ. ಹದಿನೆಂಟು ವರ್ಷಗಳಿಂದ 'ಶೈತ್ಯೀಕರಣ: ಮೂಲತತ್ವಗಳು ಮತ್ತು ಉಪಯೋಗಗಳು' ಎಂಬ ಹನ್ನೊಂದನೆಯ ಪಾಠವನ್ನು, ಅಂದರೆ ತಮ್ಮ ಜೀವನಚರಿತ್ರೆಯನ್ನು, ಕಪ್ಪು ಹಲಗೆಯ ಮೇಲೆ ಬರೆದು ಅಳಿಸಿ ಬರೆದು ಬೋಧಿಸುತ್ತ ಬಂದಿದ್ದೇನೆ. ತಂಪು ಎಂಬ ವಸ್ತುವೇ ಜಗತ್ತಿನಲ್ಲಿಲ್ಲ, ಶಾಖ ತರಗತಿಗೆ ಚಕ್ಕರ್ ಹೊಡೆದರೆ ಅದಕ್ಕೇ ತಂಪು ಎನ್ನುತ್ತೇವೆ ಎಂದು ಹೇಳಿ, ಮುಂದಿನ ಬೆಂಚಿನವರ ಅಂಗೈ ಮೇಲೆ ಒಂದು ಹನಿ ಸ್ಪಿರಿಟ್ ಬಿಟ್ಟು ಊದಿಸಿ, "ಸಾರ್, ತಣ್ಣಗಾಯ್ತು!" ಎಂದು ಅವರು ಕಿರುಚುವುದನ್ನು ಕೇಳಿ ಪ್ರತಿವರ್ಷವೂ ಹೊಸದಾಗಿ ಉಬ್ಬಿಹೋಗುತ್ತೇನೆ. ಆರಿಹೋಗುವ ದ್ರವ ಹೋಗುವಾಗ ಶಾಖವನ್ನೂ ಕದ್ದೊಯ್ಯುತ್ತದೆ. ತಮ್ಮ ಕೊಳವೆಗಳಲ್ಲೂ ಅಂಥದೊಂದು ದ್ರವ ಸುತ್ತುತ್ತಿರುತ್ತದೆ; ಒಳಗಡೆ ಅದು ಆವಿಯಾಗುತ್ತ ಹಾಲಿನ, ಟೊಮೇಟೊದ, ಅತ್ತೆಯವರ ಕಣ್ಣಿನ ಹನಿಮದ್ದಿನ ಶಾಖವನ್ನು ಹೀರಿಕೊಳ್ಳುತ್ತದೆ; ತಮ್ಮ ಕಾಲಬಳಿ ಗುಂಯ್‌ಗುಡುವ ಸಂಕೋಚಕ ಆ ಆವಿಯನ್ನು ಹಿಡಿದು ಹಿಂಡುತ್ತದೆ; ಹಿಂಡಿಸಿಕೊಂಡು ಬಿಸಿಯಾದ ಅದು ತಮ್ಮ ಬೆನ್ನಿನ ಕಪ್ಪು ಕೊಳವೆಗಳಲ್ಲಿ ಹರಿದು, ಹೊತ್ತು ತಂದ ಶಾಖವನ್ನೆಲ್ಲ ಕೋಣೆಯ ಗಾಳಿಗೆ ಒಪ್ಪಿಸಿ, ಮತ್ತೆ ದ್ರವವಾಗಿ ಒಳಗೆ ಹೋಗುತ್ತದೆ. ಅಂದರೆ ತಾವು ತಂಪನ್ನು ತಯಾರಿಸುವವರಲ್ಲ, ಶಾಖವನ್ನು ಬೆನ್ನ ಮೇಲೆ ಹೊತ್ತು ಹೊರಗೆ ಹಾಕುವ ಹಮಾಲರು. "ಶಾಖ ನಾಶವಾಗಲ್ಲ ಮಕ್ಕಳೇ, ಜಾಗ ಬದಲಾಯಿಸುತ್ತೆ ಅಷ್ಟೇ" ಎಂಬ ನನ್ನ ಮಾತನ್ನು ಹದಿನೆಂಟು ತಂಡದ ಮಕ್ಕಳು ನನ್ನದೇ ಧ್ವನಿಯಲ್ಲಿ, ನನ್ನದೇ ಕೆಮ್ಮಿನ ಸಮೇತ, ಅಣಕಿಸಿದ್ದಾರೆ. ತಮ್ಮನ್ನು ಇಷ್ಟು ಒಳಹೊರಗೂ ಬಲ್ಲ ನನಗೇ ತಾವು ಕೈಕೊಟ್ಟಿರಲ್ಲ!

ತಮ್ಮ ಕುಲದವರ ಉಪಕಾರವನ್ನು ನಾನು ಅಲ್ಲಗಳೆಯುತ್ತಿಲ್ಲ. ಐದು ಅಂಕದ ಪ್ರಶ್ನೆಗೆ ಐದು ಉಪಯೋಗಗಳನ್ನು ನಿದ್ದೆಯಲ್ಲೂ ಹೇಳಬಲ್ಲೆ. ತಮ್ಮ ದೊಡ್ಡಪ್ಪನವರೊಬ್ಬರು ಆಸ್ಪತ್ರೆಯಲ್ಲಿ ರಕ್ತದ ಚೀಲಗಳನ್ನು ಕಾಯುತ್ತಿದ್ದಾರೆ, ಚಿಕ್ಕಪ್ಪನವರು ಲಸಿಕೆಯ ಸೀಸೆಗಳಿಗೆ ಕಾವಲಿದ್ದಾರೆ, ಒಬ್ಬರು ಮೀನಿನ ದೋಣಿಯಲ್ಲಿ ಸಮುದ್ರ ಸುತ್ತುತ್ತಿದ್ದಾರೆ, ಇನ್ನೊಬ್ಬರು ಹೂವಿನ ಅಂಗಡಿಯಲ್ಲಿ ಗುಲಾಬಿಗಳನ್ನು ಮುದುಡದಂತೆ ನೋಡಿಕೊಳ್ಳುತ್ತಿದ್ದಾರೆ, ಕುಟುಂಬದಲ್ಲೇ ಅತಿ ದೊಡ್ಡವರು ಲಾರಿಗಟ್ಟಲೆ ಸೇಬನ್ನು ಹೊಟ್ಟೆಯಲ್ಲಿಟ್ಟುಕೊಂಡು ಮುಂದಿನ ಸುಗ್ಗಿಯವರೆಗೆ ತುಟಿಪಿಟಿಕ್ಕೆನ್ನದೆ ಕೂತಿರುತ್ತಾರೆ. ಇಂಥ ವಂಶದಲ್ಲಿ ಹುಟ್ಟಿದ ತಾವು ಈ ಮೂರು ವಾರಗಳಲ್ಲಿ ಸಾಧಿಸಿದ್ದೇನೆಂದರೆ, ಅರ್ಧ ಈರುಳ್ಳಿಯೊಂದಕ್ಕೆ ಮೊಳಕೆ ಬರಿಸಿದ್ದು. ಮೊಳಕೆ ಚೆನ್ನಾಗಿಯೇ ಬಂದಿದೆ, ಆ ಮಾತು ಬೇರೆ. ತೋಟಗಾರಿಕೆಯಲ್ಲಿ ತಮಗಿರುವ ಆಸಕ್ತಿಯನ್ನು ಮೊದಲೇ ತಿಳಿಸಿದ್ದರೆ ತಮ್ಮ ಮೇಲೆ ಮಣ್ಣು ಸುರಿಸಿಕೊಡುತ್ತಿದ್ದೆ.

ಇನ್ನೂ ಜೋರಾಗಿ ಬೈಯೋಣವೆಂದರೆ ತಾವು ಬೀಗರ ಕಡೆಯವರು. ಹನ್ನೊಂದು ವರ್ಷದ ಹಿಂದೆ ಅತ್ತೆಯವರು ನಮ್ಮೊಂದಿಗಿರಲು ಬಂದಾಗ ಎರಡು ಪೆಟ್ಟಿಗೆ, ಒಂದು ಹೊಲಿಗೆಯಂತ್ರದ ಜೊತೆ ತಾವೂ ಲಾರಿಯಿಂದ ಇಳಿದಿರಿ. ತಮಗೆ ಏನಂದರೂ ನೇರವಾಗಿ ಅವರಿಗೆ ತಗಲುತ್ತದೆ. ಹಾಲು ಒಡೆದ ದಿನ ನಾನು ಬರೀ ಗಂಟಲು ಸರಿಮಾಡಿಕೊಂಡಿದ್ದಕ್ಕೇ "ನಮ್ಮನೇಲಿದ್ದಾಗ ಹೀಗಿರಲಿಲ್ಲಪ್ಪ, ಇಲ್ಲಿಗೆ ಬಂದ ಮೇಲೆ ಏನಾಯ್ತೋ" ಎಂದು ಹೇಳಿ, ಆ ಮಾತು ಫ್ರಿಜ್ಜಿಗೋ ಮಗಳಿಗೋ ಎಂಬುದನ್ನು ಬಿಡಿಸಿ ಹೇಳದೆ ಒಳಗೆ ಹೋದರು. ಈ ಪತ್ರದಲ್ಲಿ ಇಷ್ಟೊಂದು 'ತಾವು' ತುಂಬಿಕೊಂಡಿರುವುದಕ್ಕೆ ಅದೇ ಕಾರಣ.

ವಿಷಯಕ್ಕೆ ಬರುತ್ತೇನೆ. ಮನೆಯಲ್ಲೂ ಬೀದಿಯಲ್ಲೂ 'ರೇಡಿಯೋ' ಎಂದೇ ಹೆಸರಾದ ನನ್ನ ಎಂಟು ವರ್ಷದ ಮಗಳನ್ನು ತಾವು ಬಲ್ಲಿರಿ. ದಿನವೂ ತಮ್ಮ ಬಾಗಿಲಿಗೆ ಬೆನ್ನು ಕೊಟ್ಟು ಕೂತು ಶಾಲೆಯ ಸಮಾಚಾರವನ್ನೆಲ್ಲ ಉಸಿರು ತೆಗೆದುಕೊಳ್ಳದೆ ಬಿತ್ತರಿಸುವವಳು ಅವಳೇ. ಆ ರೇಡಿಯೋದ ಗಂಟಲಲ್ಲಿ ಎರಡು ಟಾನ್ಸಿಲ್ ಗಡ್ಡೆಗಳು ಊದಿಕೊಂಡು, ಈ ವರ್ಷ ಆರು ಸಲ ಜ್ವರ ಬಂದು, ಆರು ಸಲ ಪ್ರಸಾರ ನಿಂತಿದೆ. ಒಂದೊಂದು ಸಲವೂ ಅವಳು ಗುಟುಕು ನೀರು ನುಂಗಲು ಮುಖ ಹಿಂಡುತ್ತಾಳೆ. ಗಡ್ಡೆ ತೆಗೆದುಬಿಡೋಣವೆಂದ ಗಂಟಲಿನ ವೈದ್ಯರು ನಾಲ್ಕು ತಿಂಗಳು ಕಾಯಿಸಿ ಇದೇ ಗುರುವಾರಕ್ಕೆ ದಿನ ಕೊಟ್ಟಿದ್ದಾರೆ. ತಪ್ಪಿದರೆ ಮತ್ತೆ ನಾಲ್ಕು ತಿಂಗಳು, ಮತ್ತೆಷ್ಟು ಜ್ವರವೋ. ಆದರೆ ಮೊದಲ ಭೇಟಿಯಲ್ಲೇ ಅವರ ಬೆರಳನ್ನು ಕಚ್ಚಿದ ನನ್ನ ಮಗಳು, ಅವರೆದುರು ಇನ್ನೊಮ್ಮೆ ಬಾಯಿ ತೆರೆಯುವುದಿಲ್ಲವೆಂದು ತುಟಿ ಬಿಗಿದುಬಿಟ್ಟಿದ್ದಳು. ಆಗ ಆ ಪುಣ್ಯಾತ್ಮರು, ಎರಡು ವರ್ಷದಿಂದ ತಣ್ಣಗಿನದೇನನ್ನೂ ಅವಳಿಗೆ ಮುಟ್ಟಗೊಡದ ನಮ್ಮ ಅತ್ತೆಯವರ ಎದುರೇ, "ಆಪರೇಷನ್ ಆದ್ಮೇಲೆ ಐದು ದಿನ ಐಸ್‌ಕ್ರೀಮ್ ತಿನ್ನಬೇಕಮ್ಮ, ಎರಡು ಗಂಟೆಗೊಂದು ಸಲ, ಎಷ್ಟು ಬೇಕಾದ್ರೂ" ಎಂದರು. ಅತ್ತೆಯವರ ಮುಖ ಬಿಳುಚಿತು. ಮಗಳ ಬಾಯಿ ತಾನಾಗಿಯೇ ತೆರೆಯಿತು, ಬೆರಳನ್ನು ಹಿಂದಕ್ಕೆಳೆದುಕೊಂಡಿದ್ದ ವೈದ್ಯರು ಟಾರ್ಚು ಬಿಟ್ಟು ನೋಡಿಯೂಬಿಟ್ಟರು.

ಮನೆಗೆ ಬಂದವಳೇ ಕರಾರುಪತ್ರ ಬರೆದಳು. ಅದು ತಮ್ಮ ಬಾಗಿಲಿನ ಮೇಲೆ, ಈ ಪತ್ರದ ಎಡಕ್ಕೆ, ಕ್ಯಾರೆಟ್ ಆಯಸ್ಕಾಂತದಡಿ ಇದೆ. ಗುರುವಾರ ಕಚ್ಚದೆ ಬಾಯಿ ತೆರೆಯತಕ್ಕದ್ದು, ಅದಕ್ಕೆ ಬದಲಾಗಿ ಐಸ್‌ಕ್ರೀಮ್ ಮನೆಯಲ್ಲಿ ಸಿದ್ಧವಿರತಕ್ಕದ್ದು. ಹಿಂದೆ ಒಮ್ಮೆ ನಾನು ತಣ್ಣನೆಯ ಹಾಲನ್ನೇ ಐಸ್‌ಕ್ರೀಮ್ ಎಂದು ಕೊಟ್ಟು ಸಿಕ್ಕಿಬಿದ್ದದ್ದರಿಂದ, ಬುಧವಾರ ಸಂಜೆ ಆರಕ್ಕೆ ತಪಾಸಣೆ. ಚಮಚ ನೆಟ್ಟರೆ ನೆಟ್ಟಗೆ ನಿಲ್ಲಬೇಕು, ಕೈ ಬಿಟ್ಟ ಮೇಲೆ ಹತ್ತು ಎಣಿಸುವವರೆಗೆ ಬೀಳಬಾರದು. ಬಿದ್ದರೆ ಬಾಯಿ ಇಲ್ಲ. ಕೆಳಗೆ ನನ್ನ ಸಹಿ, ಸಾಕ್ಷಿಯಾಗಿ ಅವಳ ಅಜ್ಜಿಯ ಸಹಿ.

ಈ ಕರಾರಿನ ಭಾರವೆಲ್ಲ ತಮ್ಮ ಮೇಲಿದೆ ಎಂಬ ಅರಿವು ತಮಗಿದೆಯೇ? ಶನಿವಾರ ಅತ್ತೆಯವರು ಹಾಲು ಕಾಯಿಸಿ, ಕೆನೆ ಬೆರೆಸಿ, ತಿರುವಿ ತಿರುವಿ ತೋಳು ನೋಯಿಸಿಕೊಂಡು ಇಟ್ಟ ಬೋಗುಣಿಯನ್ನು ಭಾನುವಾರ ತೆಗೆದರೆ, ಚಮಚ ಒಂದು ಎನ್ನುವಷ್ಟರಲ್ಲಿ ಮುಳುಗಿತು. ಸೋಮವಾರದ ಚಮಚ ಮುಳುಗಲಿಲ್ಲ, ತೇಲಿತು ಎಂದು ನಾನು ವಾದಿಸಿದೆ. "ಅಪ್ಪಾ, ಇದು ಐಸ್‌ಕ್ರೀಮಲ್ಲ, ಹಾಲಿಗೆ ನೆಗಡಿಯಾಗಿದೆ" ಎಂದು ಮಗಳು ತೀರ್ಪು ಕೊಟ್ಟಳು. ಬೀದಿಯ ತುದಿಯ ಅಂಗಡಿಯಿಂದ ಕಲ್ಲಿನಂಥ ಡಬ್ಬಿಯೊಂದನ್ನು ತಂದಿಟ್ಟರೆ, ಅದನ್ನೂ ತಾವು ಮಧ್ಯಾಹ್ನದೊಳಗೆ ಮನವೊಲಿಸಿ ನೀರು ಮಾಡಿದಿರಿ. ಕಲ್ಲನ್ನೂ ಕರಗಿಸುವ ತಮ್ಮ ಈ ಕರುಣೆಗೆ ಏನೆನ್ನಲಿ.

ನಾನು ತಮಗೇನು ಕಡಿಮೆ ಮಾಡಿದ್ದೇನೆ ಹೇಳಿ. ಅಡುಗೆಮನೆಯ ಒಲೆಯ ಪಕ್ಕ ಬೇಯುತ್ತಿದ್ದ ತಮ್ಮನ್ನು ಮೂರು ವಾರದ ಹಿಂದೆ ನಾನೇ ಸೊಂಟ ಹಿಡಿಸಿಕೊಂಡು ತಳ್ಳಿ, ಓಣಿಯ ಈ ತಣ್ಣನೆಯ ಮೂಲೆಗೆ, ಬೀರುವಿಗೂ ಗೋಡೆಗೂ ನಡುವೆ, ಅಂದವಾಗಿ ಕೂರಿಸಿದೆ. ಉಷ್ಣನಿರೋಧಕಗಳು ಹೊರಗಿನ ಶಾಖವನ್ನು ಒಳಗೆ ಬಿಡುವುದಿಲ್ಲವೆಂದು ಒಂಬತ್ತನೆಯ ಪಾಠದಲ್ಲಿ ನಾನೇ ಕಲಿಸುತ್ತೇನಾದ್ದರಿಂದ, ಮನೆಯಲ್ಲೇ ಅತಿ ದಪ್ಪವಾದ, ಹತ್ತಿ ತುಂಬಿದ ಹೊದಿಕೆಯನ್ನು ತಮ್ಮ ನೆತ್ತಿಯಿಂದ ಬೆನ್ನಿನ ಮೇಲಾಗಿ ಕಾಲಿನವರೆಗೆ ಇಳಿಬಿಟ್ಟು, ಮಗ್ಗುಲಲ್ಲಿ ಒತ್ತಿ ಸಿಗಿಸಿ, ಹಗ್ಗ ಕಟ್ಟಿದೆ. ತಂಪು ಸೋರಿಹೋಗದಿರಲೆಂದು ನನ್ನ ಹೊದಿಕೆಯನ್ನೇ ಕೊಟ್ಟು ನಾನು ಚಾದರದಲ್ಲಿ ಮುದುಡಿ ಮಲಗುತ್ತಿದ್ದೇನೆ. ತಂಪು ಹೆಚ್ಚಿಸುವ ಒಳಗಿನ ಗುಂಡಿಯನ್ನು ಎರಡರಿಂದ ನಾಲ್ಕಕ್ಕೆ, ನಾಲ್ಕರಿಂದ ಏಳಕ್ಕೆ ತಿರುಗಿಸಿದೆ. ಏಳರ ಮುಂದೆ ಅಂಕಿಯಿಲ್ಲ, ಇದ್ದಿದ್ದರೆ ಅದನ್ನೂ ಕೊಡುತ್ತಿದ್ದೆ. ತಾವಂತೂ ಹಗಲಿರುಳೂ ನಿಲ್ಲದೆ ಗುಂಯ್‌ಗುಡುತ್ತೀರಿ. ಇಷ್ಟೆಲ್ಲ ಶ್ರಮಪಟ್ಟು ಏನೂ ಮಾಡದಿರುವುದು ಎಲ್ಲರಿಗೂ ಸಿದ್ಧಿಸುವ ವಿದ್ಯೆಯಲ್ಲ. ನಮ್ಮ ಮುಖ್ಯೋಪಾಧ್ಯಾಯರನ್ನು ಬಿಟ್ಟರೆ ತಾವೇ.

ಬೇಕಿದ್ದರೆ ನಮ್ಮ ಅತ್ತೆಯವರನ್ನು ನೋಡಿ ಕಲಿಯಿರಿ. ಹತ್ತೊಂಬತ್ತು ದಿನದಿಂದ ಹೊರಗೆ ಮಳೆ ಹಿಡಿದು ಕೂತಿದೆ, ಬೀದಿಯಲ್ಲಿ ಒಬ್ಬರ ಮನೆಯಲ್ಲೂ ಬಟ್ಟೆ ಒಣಗಿಲ್ಲ. ನಮ್ಮ ಮನೆಯಲ್ಲಿ ಮಾತ್ರ ದಿನವೂ ಬೆಳಿಗ್ಗೆ ಗರಿಗರಿಯಾದ, ಬೆಚ್ಚಗಿನ ಕಾಲುಚೀಲಗಳು ಹಾಜರಾಗುತ್ತವೆ. ಹೇಗೆಂದು ಕೇಳಿದರೆ "ಕೈಗುಣಪ್ಪ" ಎನ್ನುತ್ತಾರೆ. ಹೆಂಡತಿಯ ಸಮವಸ್ತ್ರವೂ ಒಣಗುತ್ತದೆ, ಮಗಳ ಬೂಟೂ ಒಣಗುತ್ತದೆ. ಆ ವಯಸ್ಸಿನಲ್ಲೂ ಅವರಿಗಿರುವ ಕರ್ತವ್ಯಪ್ರಜ್ಞೆಯ ಕಾಲುಭಾಗ ತಮಗಿದ್ದಿದ್ದರೆ ನಾನು ಈ ಪತ್ರ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. (ನಿನ್ನೆ ಚೀಲ ಸೋರಿ ನೆನೆದ ನನ್ನ ನಲವತ್ತೆರಡು ಉತ್ತರಪತ್ರಿಕೆಗಳು ಎಲ್ಲಿ ಒಣಗುತ್ತಿವೆ ಎಂಬುದು ಈ ದೂರಿಗೆ ಸಂಬಂಧಪಡದ ವಿಷಯ.)

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆಗಳು ಇಷ್ಟೇ. ನಾಳೆ ಸಂಜೆ ಆರರವರೆಗೆ, ಬೇರೆಲ್ಲ ಯೋಚನೆ ಬಿಟ್ಟು, ತಾವು ಮಂಜುಗಡ್ಡೆಯನ್ನೇ ಧ್ಯಾನಿಸಬೇಕು. ಅಷ್ಟಾಗದಿದ್ದರೆ ಬೋಗುಣಿ ಇರುವ ಒಂದು ಗೇಣು ಜಾಗವನ್ನಾದರೂ ತಣ್ಣಗಿಟ್ಟು, ಟೊಮೇಟೊ ಮೊದಲಾದವರನ್ನು ಅವರವರ ಹಣೆಬರಹಕ್ಕೆ ಬಿಡಬೇಕು. ಅದೂ ಆಗದು, ಬಿಸಿ ಮಾಡುವುದೇ ತಮ್ಮ ನಿಜವಾದ ಒಲವು ಎಂದಾದರೆ ನಾಚಿಕೆ ಬಿಟ್ಟು ತಿಳಿಸಿ; ಒಲೆಯವರೊಂದಿಗೆ ಮಾತನಾಡಿ ಪರಸ್ಪರ ವರ್ಗಾವಣೆ ಮಾಡಿಸಿಕೊಡುತ್ತೇನೆ. ನನ್ನ ಸ್ನಾನದ ನೀರಿಗೆ ತಾವು, ಐಸ್‌ಕ್ರೀಮಿಗೆ ಅವರು. ಈಗಿರುವುದಕ್ಕಿಂತ ಕೆಟ್ಟದ್ದೇನೂ ಆಗಲಾರದು.

ಬುಧವಾರ

ಮಾನ್ಯರೇ,

ಈ ಭಾಗವನ್ನು ಬರೆಯುವಾಗ ನನ್ನ ಕಿವಿಗಳು ಕೆಂಪಗಿವೆ ಎಂಬುದನ್ನು ಮೊದಲೇ ತಿಳಿಸಿಬಿಡುತ್ತೇನೆ.

ಬೆಳಿಗ್ಗೆ ಎಂಟಕ್ಕೆ ರಿಪೇರಿಯವರು ಬಂದರು. ಕೈಯಲ್ಲಿ ಒಂದು ಸಣ್ಣ ಚೀಲ, ಬಾಯಲ್ಲಿ ಅದಕ್ಕಿಂತ ಸಣ್ಣ ಮಾತು. ನಾನು ಅವರಿಗೆ ಶೈತ್ಯೀಕರಣದ ಮೂಲತತ್ವಗಳನ್ನು ಆವಿಯಿಂದ ಆರಂಭಿಸಿ ವಿವರಿಸುತ್ತಿದ್ದೆ, ಸಂಕೋಚಕದವರೆಗೆ ಬಂದಿದ್ದೆನೋ ಇಲ್ಲವೋ, ಅವರು ತಮ್ಮನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಇದಕ್ಕೇನು ಜ್ವರಾನಾ ಸಾರ್? ಕಂಬಳಿ ಯಾಕೆ ಹೊದಿಸಿದ್ದೀರಿ?" ಎಂದು ಕೇಳಿದರು. ಅದು ಕಂಬಳಿಯಲ್ಲ, ಉಷ್ಣನಿರೋಧಕ ಎಂದೆ. ಅವರು ಹಗ್ಗ ಬಿಚ್ಚಿ, ತಮ್ಮನ್ನು ಗೋಡೆಯಿಂದ ಮುಂದಕ್ಕೆ ಎಳೆದರು. ಆಗ ಓಣಿಯ ಆ ತುದಿಯಲ್ಲಿ ನಿಂತಿದ್ದ ಅತ್ತೆಯವರು ಇದ್ದಕ್ಕಿದ್ದಂತೆ "ಅಯ್ಯೋ, ಒಲೆ ಮೇಲೆ ಹಾಲಿಟ್ಟಿದ್ದೆ" ಎಂದು ಒಳಗೆ ಹೋದರು. ಒಲೆ ಹೊತ್ತಿಸಿಯೇ ಇರಲಿಲ್ಲ.

ಹೊದಿಕೆ ಸರಿದಾಗ ಒಳಗಿನಿಂದ ಹಬೆಯೊಂದು ಮುಖಕ್ಕೆ ಹೊಡೆಯಿತು, ಇಸ್ತ್ರಿ ಅಂಗಡಿಯ ಬಾಗಿಲು ತೆರೆದಂತೆ. ತಮ್ಮ ಬೆನ್ನಿನ ಕಪ್ಪು ಕೊಳವೆಗಳು ಕಾಣಲೇ ಇಲ್ಲ. ಅವುಗಳ ಮೇಲೆ ಸಾಲಾಗಿ, ಬಟ್ಟೆಯ ಕ್ಲಿಪ್ಪು ಹಾಕಿ, ಹನ್ನೊಂದು ಕಾಲುಚೀಲಗಳು. ಅವುಗಳ ಕೆಳಗೆ ಹೆಂಡತಿಯ ಸಮವಸ್ತ್ರದ ಪ್ಯಾಂಟು, ಬಸ್ಸಿನ ಕೈಗವಸುಗಳು, ಅತ್ತೆಯವರ ಉಣ್ಣೆಯ ಟೋಪಿ. ಬುಡದಲ್ಲಿ, ಸಂಕೋಚಕದ ನೆತ್ತಿಯ ಮೇಲೆ ಮರಿಬೆಕ್ಕುಗಳಂತೆ ಒತ್ತಿಕೊಂಡು ಕೂತ ಮಗಳ ಬೂಟುಗಳು. ಒಳಗಿನ ಶಾಖವನ್ನು ಹೊತ್ತು ತಂದು ಇಳಿಸಲು ಜಾಗವಿಲ್ಲದೆ ತಾವು ಮೂರು ವಾರಗಳಿಂದ ಅದನ್ನು ಹೊತ್ತೇ ನಿಂತಿದ್ದಿರಿ. ನಾನು ಗುಂಡಿ ತಿರುಗಿಸಿದಷ್ಟೂ ತಮ್ಮ ಬೆನ್ನು ಬಿಸಿಯಾಗಿ, ಕಾಲುಚೀಲಗಳು ಬೇಗ ಒಣಗಿ, ಕಾಲುಚೀಲಗಳು ಬೇಗ ಒಣಗಿದಷ್ಟೂ ಅತ್ತೆಯವರು ಇನ್ನಷ್ಟು ಒಗೆದು ತಂದು ಹಾಕಿದ್ದಾರೆ. ನನ್ನ ಹೊದಿಕೆ ಆ ಬಿಸಿಯನ್ನು ಒಂದಿಷ್ಟೂ ಹಾಳಾಗದಂತೆ ಕಾಪಾಡಿದೆ. ಒಂಬತ್ತನೆಯ ಪಾಠ ಹನ್ನೊಂದನೆಯ ಪಾಠದ ಕತ್ತು ಹಿಸುಕಿದ್ದು ಹೀಗೆ.

ನಾನು ಇದೇ ತಕ್ಕ ಸಮಯವೆಂದು ಎದೆಯುಬ್ಬಿಸಿ, ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಬೈಯಲು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ರಿಪೇರಿಯವರು ಕಾಲುಚೀಲಗಳ ಸಂದಿಗೆ ಕೈ ಹಾಕಿ, ಹಪ್ಪಳದಂತೆ ಸುರುಟಿಕೊಂಡ ಕಾಗದದ ಕಟ್ಟೊಂದನ್ನು ಎಳೆದು, "ಇದ್ಯಾರದ್ದು ಸಾರ್?" ಎಂದರು. ನಲವತ್ತೆರಡು ಉತ್ತರಪತ್ರಿಕೆಗಳು. ವಿಷಯ, ಹನ್ನೊಂದನೆಯ ಪಾಠ. ಆ ಬೆಚ್ಚನೆಯ ಜಾಗ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದಂತೆ ನನಗೂ ಗೊತ್ತಿತ್ತು ಎಂಬುದನ್ನು ಈ ಮೂಲಕ ಒಪ್ಪಿಕೊಳ್ಳುತ್ತೇನೆ. ಮಗಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಹೆಂಡತಿ ನೋಡಲೂ ಇಲ್ಲ, ಬರೀ ಒಂದು ಸಲ "ಹೂಂ" ಎಂದು ಕೆಲಸಕ್ಕೆ ಹೊರಟಳು. ಆ 'ಹೂಂ' ಮುಂದಿನ ಹತ್ತು ವರ್ಷ ನಮ್ಮ ಮನೆಯಲ್ಲಿ ಬಾಳಿಕೆ ಬರುತ್ತದೆ.

ರಿಪೇರಿಯವರು ಜೇಬಿನಿಂದ ತೆಗೆದ ಕುಂಚದಿಂದ ತಮ್ಮ ಬೆನ್ನಿನ ಧೂಳು ಒರೆಸುತ್ತಲೇ, ಮೇಲಿದ್ದ ಉತ್ತರಪತ್ರಿಕೆಯನ್ನು ಓದಿ, ಮೊದಲ ಸಲ ನಕ್ಕರು. ಕೊನೆಯ ಬೆಂಚಿನ, ತರಗತಿಯಲ್ಲಿ ಬಾಯಿಯೇ ಬಿಡದ ಹುಡುಗಿಯೊಬ್ಬಳ ಪತ್ರಿಕೆ ಅದು. ಫ್ರಿಜ್ಜಿನ ಹಿಂಭಾಗದ ಕಪ್ಪು ಕೊಳವೆಗಳ ಕೆಲಸವೇನು ಎಂಬ ಪ್ರಶ್ನೆಗೆ ಅವಳು, ಒಳಗಿನ ಶಾಖವನ್ನು ಹೊರಗೆ ಬಿಡುವುದು, ಅದಕ್ಕೆ ಹಿಂದೆ ಗಾಳಿಯಾಡಲು ಜಾಗ ಇರಬೇಕು, ಅಲ್ಲಿ ಬಟ್ಟೆ ಒಣಗಿಸಬಾರದು ಎಂದು ನಮ್ಮ ಅಮ್ಮ ಹೇಳುತ್ತಾರೆ, ಎಂದು ಬರೆದಿದ್ದಳು. ಅದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ, ನನ್ನ ದುಂಡನೆಯ ಕೈಬರಹದಲ್ಲಿ, ಹೀಗಿತ್ತು: ಅಮ್ಮ ಹೇಳಿದ್ದು ಬೇಡ, ಪುಸ್ತಕದಲ್ಲಿರುವುದನ್ನು ಬರೆ. ಅರ್ಧ ಅಂಕ ಕಡಿತ.

"ಹಿಂದೆ ಒಂದು ಗೇಣು ಜಾಗ ಬಿಡಿ ಸಾರ್, ಉಸಿರಾಡ್ಲಿ. ಬೇರೇನೂ ಆಗಿಲ್ಲ" ಎಂದು ಹೇಳಿ ಅವರು ಚೀಲವನ್ನು ತೆರೆಯದೆಯೇ ಹೊರಟುಹೋದರು. ನಾನು ಅಲ್ಲೇ, ತಮ್ಮ ನೆತ್ತಿಯ ಮೇಲೆಯೇ ಪತ್ರಿಕೆಯನ್ನಿಟ್ಟು, ಆ ಅರ್ಧ ಅಂಕವನ್ನು ವಾಪಸು ಹಾಕಿದೆ. ಸಾಲದೆಂದು ಕಂಡು ಇನ್ನೊಂದು ಪೂರ್ತಿ ಅಂಕ ಸೇರಿಸಿದೆ. ಐದಕ್ಕೆ ಆರು ಬಂದಿದೆ. ಕೇಳಿದವರಿಗೆ ಏನು ಹೇಳುವುದೆಂದು ಆಮೇಲೆ ಯೋಚಿಸುತ್ತೇನೆ.

ಅತ್ತೆಯವರು ಹೊಸದಾಗಿ ಹಾಲು ಕಾಯಿಸಿ, ತಿರುವಿ, ಒಂಬತ್ತರೊಳಗೆ ಬೋಗುಣಿಯನ್ನು ತಮ್ಮ ಮೇಲಿನ ಮಂಜುಗಡ್ಡೆಯ ಖಾನೆಯಲ್ಲಿಟ್ಟರು. ಆಮೇಲೆ ಯಾರೂ ತಮ್ಮ ಬಾಗಿಲು ತೆರೆಯಕೂಡದೆಂದು ಎದುರಿಗೆ ಕುರ್ಚಿ ಹಾಕಿಕೊಂಡು, ಒದ್ದೆ ಕಾಲುಚೀಲ ಹಾಕಿಕೊಂಡೇ ಸಂಜೆಯವರೆಗೆ ಕೂತರು. ನಾನು ಶಾಲೆಯಿಂದ ಓಡಿಬಂದು ನೋಡಿದಾಗ ಐದೂವರೆ. ತಾವು ಆಗ ಗುಂಯ್‌ಗುಡುತ್ತಿರಲಿಲ್ಲ. ಟಕ್ಕೆಂದು ನಿಂತು, ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ಶುರುಮಾಡಿದಿರಿ. ಕೆಲಸ ಮುಗಿಸಿದವರು ಮಾತ್ರ ಹಾಗೆ ಸುಮ್ಮನಾಗುತ್ತಾರೆ, ನನಗೆ ಆ ಸದ್ದು ಕೇಳಿ ಕಣ್ಣು ಮಂಜಾಯಿತು.

ಆರಕ್ಕೆ ಸರಿಯಾಗಿ ಬೋಗುಣಿ ಮೇಜಿನ ಮೇಲೆ ಬಂತು. ಮಗಳು ಚಮಚವನ್ನು ಎರಡೂ ಕೈಯಿಂದ ಒತ್ತಿ ನೆಟ್ಟಳು. ಒಳಗೆ ಹೋಗುವಾಗ ಕರಕರ ಎಂದಿತು. ಆ ಕರಕರಕ್ಕೆ ಅತ್ತೆಯವರು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಎಣಿಸುವ ಜವಾಬ್ದಾರಿ ನನ್ನದಾಗಿತ್ತು, ವಿಜ್ಞಾನ ಶಿಕ್ಷಕನ ಎಣಿಕೆಯ ಮೇಲೆ ಯಾರಿಗೂ ಅನುಮಾನವಿರಲಿಲ್ಲ. ಮಗಳು ಕೈ ಬಿಟ್ಟಳು. ನಾನು ಹತ್ತು ಎಂದೆ, ಮರುಕ್ಷಣವೇ ಚಮಚ ಬೋಗುಣಿಯ ಅಂಚಿಗೆ ಒರಗಿಕೊಂಡಿತು. ಮಗಳು ಚಮಚವನ್ನು ನೋಡಿ, ನನ್ನನ್ನು ನೋಡಿ, ಕರಾರುಪತ್ರದ ಕೆಳಗೆ 'ಸರಿ' ಎಂದು ಬರೆದಳು.

ಶನಿವಾರ

ಮಾನ್ಯರೇ,

ಗುರುವಾರ ಕೆಲಸ ಸುಸೂತ್ರವಾಗಿ ಮುಗಿಯಿತು. ವೈದ್ಯರು ಕೇಳುವ ಮೊದಲೇ ಅವಳು "ಆ" ಎಂದು ಬಾಯಿ ತೆರೆದಳಂತೆ. ಅವರೇ ಗಾಬರಿಯಾಗಿ ಒಂದು ಹೆಜ್ಜೆ ಹಿಂದೆ ಸರಿದರಂತೆ. ಎಚ್ಚರವಾದ ಮೇಲೆ ಮನೆಗೆ ಕರೆತಂದು, ಕುಶನ್ನಿಗೆ ಒರಗಿಸಿ, ನಾವು ಮೂವರೂ ಸುತ್ತ ನಿಂತು ಮೊದಲ ಚಮಚ ಐಸ್‌ಕ್ರೀಮನ್ನು ಬಾಯಿಗಿಟ್ಟರೆ, ಅವಳು ನುಂಗಲಾರದೆ ಚಮಚವನ್ನು ತಳ್ಳಿ, ಕಣ್ಣಲ್ಲಿ ನೀರು ತುಂಬಿಕೊಂಡು ಗೋಡೆಗೆ ಮುಖ ಮಾಡಿದಳು. ಇಷ್ಟೆಲ್ಲ ಹೋರಾಡಿ ತಣ್ಣಗೆ ಮಾಡಿದ್ದು ಅವಳಿಗೆ ಬೇಡವಾಗಿತ್ತು. ನಾನು ಅಡುಗೆಮನೆಯ ನೆಪ ಹೇಳಿ ಹೊರಗೆ ಬಂದು, ತಮ್ಮ ಬಾಗಿಲು ತೆರೆದು, ಏನು ಬೇಕಿತ್ತೆಂಬುದನ್ನು ಮರೆತು, ತಮ್ಮೊಳಗೆ ತಲೆಯಿಟ್ಟು ತುಂಬ ಹೊತ್ತು ನಿಂತಿದ್ದೆ. ತಾವು ಅದನ್ನು ಯಾರಿಗೂ ಹೇಳಿಲ್ಲವೆಂದು ನಂಬಿದ್ದೇನೆ.

ಮನೆ ಎಷ್ಟು ಸದ್ದಿಲ್ಲದೆ ಇತ್ತೆಂದರೆ ತಮ್ಮ ಟಕ್ ಎಂಬ ಸದ್ದು ಬೀದಿಗೆ ಕೇಳುತ್ತಿತ್ತು. "ಒಂದು ನಿಮಿಷ ಬಾಯಿ ಮುಚ್ಚೇ ಮಾರಾಯ್ತಿ" ಎಂದು ಎಂಟು ವರ್ಷದಿಂದ ಅಂಗಲಾಚುತ್ತಿದ್ದವನು ನಾನು. ಎರಡು ದಿನಕ್ಕೆ ನನಗೆ ಸಾಕುಸಾಕಾಯಿತು. ಹೆಂಡತಿ ಬಸ್ಸಿನ ಕತೆಗಳನ್ನೆಲ್ಲ ಹೇಳಿ ನೋಡಿದಳು, ಅತ್ತೆಯವರು ಬಾಗಿಲ ಬಳಿ ಕೂತು ಮೂಗೊರೆಸಿಕೊಂಡರು. ನಿನ್ನೆ ಸಂಜೆ, ಯಾರೂ ಕರೆಯದೆ, ಅವಳೇ ಎದ್ದು ಬಂದು, ಬೋಗುಣಿ ಹಿಡಿದು ತಮ್ಮ ಬಾಗಿಲಿಗೆ ಬೆನ್ನು ಕೊಟ್ಟು ಕೂತು ಏಳು ಚಮಚ ತಿಂದಳು. ಇವತ್ತು ಬೆಳಿಗ್ಗೆ ಹನ್ನೆರಡು. ಅತ್ತೆಯವರು, ಎರಡು ವರ್ಷ ತಣ್ಣೀರನ್ನೂ ಮುಟ್ಟಗೊಡದವರು, "ಇನ್ನೊಂದ್ ಸ್ವಲ್ಪ ಹಾಕ್ಲಾ ಕಂದಾ?" ಎಂದು ಕೇಳುವುದನ್ನು ನಾನು ನನ್ನ ಕಿವಿಯಿಂದಲೇ ಕೇಳಿದೆ.

ಆದ್ದರಿಂದ ತಮ್ಮ ಮೇಲಿನ ದೂರನ್ನು ಈ ಮೂಲಕ ಹಿಂತೆಗೆದುಕೊಂಡಿದ್ದೇನೆ. ನಮ್ಮ ತಪ್ಪನ್ನು ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ. ಈರುಳ್ಳಿಯ ಪಕ್ಕದಲ್ಲಿ ಜಾಗವಿದೆ. ಹೊದಿಕೆ ನನ್ನ ಮಂಚಕ್ಕೆ ವಾಪಸು ಬಂದಿದೆ. ತಮ್ಮ ಬೆನ್ನಿಗೂ ಗೋಡೆಗೂ ನಡುವೆ ಒಂದು ಗೇಣು ಬಿಟ್ಟು, ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದಿದ್ದೇನೆ. ಕಾಲುಚೀಲಗಳು ಮಾತ್ರ ಮೂರು ದಿನದಿಂದ ಒಣಗಿಲ್ಲ, ಅತ್ತೆಯವರು ಆ ಗೆರೆಯನ್ನು ಕಂಡಾಗಲೆಲ್ಲ ನನ್ನ ಕಡೆ ನೋಡುತ್ತಾರೆ. ತಾವು ಬಿಡುವಿದ್ದಾಗ ಆ ಬಗ್ಗೆಯೂ ಏನಾದರೂ ಉಪಾಯ ಹೇಳಿದರೆ ಉಪಕಾರವಾಗುತ್ತದೆ.

ಇಂತಿ, ಒಂದು ಗೇಣು ದೂರದಲ್ಲಿ ಒದ್ದೆ ಕಾಲುಚೀಲದಲ್ಲಿ ನಿಂತಿರುವ
ತಮ್ಮ ವಿಶ್ವಾಸಿ,
ಹನ್ನೊಂದನೆಯ ಪಾಠದ ಮೇಷ್ಟ್ರು

ತಾ.ಕ.: ಮೊಟ್ಟೆಯ ಆರನೆಯ ಗುಂಡಿ ಮುರಿದಿರುವ ಬಗ್ಗೆ ಪ್ರತ್ಯೇಕ ಪತ್ರ ಬರೆಯೋಣವೆಂದು ಈಗ ತಮ್ಮ ಬಳಿ ಬಂದರೆ, ಮೇಲಿನ ನನ್ನ ಸಹಿಯ ಪಕ್ಕದಲ್ಲಿ ಪೆನ್ಸಿಲಿನಲ್ಲಿ, ಇನ್ನೂ ಮಾತಾಡಲಾಗದ ಯಾರೋ ಬರೆದು ಹೋಗಿದ್ದಾರೆ. ತಮಗೆ ಓದಲು ಬರುವುದಿಲ್ಲವಾದ್ದರಿಂದ ಇದ್ದದ್ದನ್ನು ಇದ್ದ ಹಾಗೆಯೇ ಇಲ್ಲಿ ಬರೆದುಕೊಡುತ್ತಿದ್ದೇನೆ: "ಬುಧವಾರ ಅಪ್ಪ ಏಳು ಆದ್ಮೇಲೆ ಎಂಟು ಒಂಬತ್ತು ಹೇಳ್ದೆ ಹತ್ತು ಅಂದ್ರು. ನಾನು ಆಗಲೇ ನೋಡ್ದೆ. ಆದ್ರೂ ಬಾಯಿ ತೆಗ್ದೆ. ಅರ್ಧ ಅಂಕ ಕಡಿತ."